ನೀರು ಒಂದು ಬೆರಳು ಕಡಿಮೆಯಾಗಿತ್ತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಹಾಗೆಯೇ ಎದ್ದಿದ್ದೇನೆ. ಮೊದಲು ಕಣ್ಣಿನ ಆಪರೇಶನ್ ಆಗಲಿ ಅಂದುಕೊಂಡೆ. ಆಮೇಲೆ ಮಳೆಗಾಲ ಮುಗಿಯಲಿ ಅಂದುಕೊಂಡೆ. ಎರಡೂ ಮುಗಿದು ವರ್ಷಗಳಾದವು. ಈಗ ಎಪ್ಪತ್ತೈದರ ಹತ್ತಿರ ಬಂದಿದ್ದೇನೆ, ಮುಂದೂಡಲು ಹೊಸ ನೆಪ ಹೊಳೆಯುತ್ತಿಲ್ಲ.

ಇದು 2002ರ ಮಾತು. ನಾನು ಗದಗ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಗೆ ಬಂದು ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆ ಕಚೇರಿ ಮುಚ್ಚಿದ ಮೇಲೆ, ನನ್ನ ತಂಗಿಯ ಗಂಡ ಯೆರವಡಾದಲ್ಲಿ ತೆರೆದಿದ್ದ ಸೈಬರ್ ಕೆಫೆಯ ಕೌಂಟರಿನಲ್ಲಿ ಕುಳಿತೆ. ಕಂಪ್ಯೂಟರ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗಿರಾಕಿಗಳು ಇಲ್ಲದಾಗ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡುವುದನ್ನು ಕಲಿತೆ.

ಪುಣೆಯ ಕನ್ನಡದವರದೊಂದು ಇ-ಮೇಲ್ ಗುಂಪು ಇತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತ, ನಮ್ಮ ಕೆಫೆಗೆ ಬರುತ್ತಿದ್ದ ಗಿರೀಶ ಎಂಬ ಧಾರವಾಡದ ಹುಡುಗ ಅದರಲ್ಲಿ ಒಂದು ಆಟ ಶುರು ಮಾಡಿದ. ಪೇಟೆಯೊಳಗಿನ ಒಂದು ಹಳೆಯ ವಾಡೆ, ಅಂದರೆ ಹಿಂದಿನ ಕಾಲದ ದೊಡ್ಡ ಮನೆ, ಅದರ ತುಂಬ ಬಾಡಿಗೆ ಖೋಲಿಗಳು. ಎಲ್ಲವೂ ಕಲ್ಪನೆಯೇ. ಆಡುವವರು ಒಬ್ಬೊಬ್ಬರೂ ಒಂದೊಂದು ಖೋಲಿಯ ಬಾಡಿಗೆದಾರರು. ತನ್ನ ಪಾತ್ರ ಏನು ಮಾಡಿತು, ಏನು ನೋಡಿತು ಎಂದು ಒಬ್ಬರು ಬರೆದು ಕಳಿಸಬೇಕು, ಅದಕ್ಕೆ ಇನ್ನೊಬ್ಬರು ಮುಂದುವರಿಸಬೇಕು. ಹೀಗೆ ಎಲ್ಲರೂ ಸೇರಿ ಒಂದು ಭಯದ ಕಥೆ ಕಟ್ಟಬೇಕು.

ಶುರುವಿನಲ್ಲಿ ಎಲ್ಲರೂ ಒಂದೇ ಸಮನೆ ದೆವ್ವ ತಂದರು. ಒಬ್ಬ ಇಂಜಿನಿಯರು ನಲ್ಲಿಯಿಂದ ರಕ್ತ ಸುರಿಸಿದ. ಕಾಲೇಜಿನ ಒಬ್ಬ ಹುಡುಗಿ ಮೂರು ದಿನಕ್ಕೊಮ್ಮೆ ಬಿಳಿ ಸೀರೆಯವಳನ್ನು ಕಳಿಸುತ್ತಿದ್ದಳು. ನಾನೂ ಒಂದು ಸಾಲು ಬರೆದು ಗಿರೀಶನಿಗೆ ತೋರಿಸಿದೆ. ವಾಡೆಯ ಬಾಗಿಲಲ್ಲಿ ನಿನ್ನೆಗಿಂತ ಒಂದು ಜೊತೆ ಚಪ್ಪಲಿ ಹೆಚ್ಚಿಗೆ ಇದ್ದವು, ಯಾರವು ಎಂದು ಯಾರೂ ಕೇಳಲಿಲ್ಲ ಎಂದಷ್ಟೇ ಬರೆದಿದ್ದೆ.

ಗಿರೀಶ ಅದನ್ನು ಓದಿ ನನ್ನ ಮುಖ ನೋಡಿದ. "ಕಾಕಾ, ಇಷ್ಟ ದಿವಸ ಈ ಕೌಂಟರ್ ಹಿಂದ ಯಾಕ ಅಡಗಿ ಕೂತೀರಿ? ನೀವು ಬಾಡಿಗಿಯವರಾಗೂದು ಬ್ಯಾಡ. ನೀವು ಮನಿ ಆಗ್ರಿ."

ಮನೆ ಎಂಬುದೇ ಒಂದು ಪಾತ್ರ. ವಾಡೆಯಲ್ಲಿ ಏನು ಸರಿಯಿತು, ಏನು ಬದಲಾಯಿತು ಎಂದು ಬರೆಯುವುದು ಅದರ ಕೆಲಸ. ಅದಕ್ಕೆ ಹೆಸರಿಲ್ಲ. ಅದನ್ನು ಯಾರು ಬರೆಯುತ್ತಾರೆ ಎಂಬುದು ಗಿರೀಶನನ್ನು ಬಿಟ್ಟು ಯಾರಿಗೂ ಗೊತ್ತಾಗಬಾರದು. ಅದೇ ಆಟದ ನಿಯಮ.

ಆ ಕೆಲಸ ನನಗೆ ಒಗ್ಗಿತು. ಏನನ್ನೂ ಪೂರ್ತಿ ತೋರಿಸಬಾರದು. ದಿನವೂ ಕೈಗೆ ಸಿಗುವ ಒಂದು ವಸ್ತುವನ್ನು ಸ್ವಲ್ಪವೇ ಸರಿಸಬೇಕು. ಯಾಕೆ ಎಂದು ಹೇಳಬಾರದು. ಯಾರಾದರೂ ಕೇಳಿದರೆ ಉತ್ತರ ಕೊಡಬಾರದು. ಓದಿದವರು ಮನೆಗೆ ಹೋಗಿ ತಮ್ಮದೇ ಗೋಡೆಯ ಗೂಡಿನ ಕಡೆ ಒಮ್ಮೆ ನೋಡುವಂತಾಗಬೇಕು. ಜನ ಹೊಗಳಿದರು. ಜನ್ಮದಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಹೊಗಳಿರಲಿಲ್ಲ, ಹೀಗಾಗಿ ಅದು ತಲೆಗೆ ಏರಿತು.

ಆ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ಹೊತ್ತು ಕೆಫೆಗೆ ಬರತೊಡಗಿದರು. ಐವತ್ತರ ಹತ್ತಿರದ ವಯಸ್ಸು, ಬೆಳಗಾವಿ ಕಡೆಯವರು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹತ್ತಿರದಲ್ಲೇ ಎರಡು ಖೋಲಿಯ ಮನೆಯಲ್ಲಿ ಒಬ್ಬರೇ ಇದ್ದರು, ಹೊಲಿಗೆ ಹೇಳಿಕೊಡುತ್ತಿದ್ದರು. ಬೆಳಗಾವಿಯಲ್ಲಿದ್ದ ತಮ್ಮ ಅವರಿಗೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ನೋಡಿದ್ದ, ಇರಲು ಜಾಗವೂ ಸಿಗುತ್ತಿತ್ತು. ಆ ಪತ್ರವ್ಯವಹಾರಕ್ಕಾಗಿ ಬರುತ್ತಿದ್ದರು. ಟೈಪ್ ಮಾಡುವುದನ್ನು ನಾನೇ ತೋರಿಸಿಕೊಟ್ಟೆ. ಆಟದ ಸುದ್ದಿಯನ್ನೂ ನಾನೇ ಹೇಳಿದೆ.

ಅವರು ವಾಡೆಯ ಮೂಲೆಯ ಖೋಲಿ ಹಿಡಿದರು. ತಮ್ಮ ಪಾತ್ರಕ್ಕೆ ಪದ್ದಕ್ಕ ಎಂದು ಹೆಸರಿಟ್ಟರು. ಅವರ ನಿಜವಾದ ಹೆಸರನ್ನು ಕೊನೆಗೆ ಬರೆಯುತ್ತೇನೆ, ಅಲ್ಲಿಯವರೆಗೆ ಪದ್ದಕ್ಕ ಎಂದೇ ಇರಲಿ.

ಬೇರೆಯವರು ಓದಿ ಹೆದರಿದ್ದು ನನಗೆ ಮೇಲ್‌ನಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಪದ್ದಕ್ಕ ಗೋಡೆ ಬದಿಯ ಕಂಪ್ಯೂಟರಿನ ಮುಂದೆ ಕುಳಿತು ಓದುವಾಗ, ಕೌಂಟರಿನಿಂದ ಅವರ ಮುಖ ಕಾಣುತ್ತಿತ್ತು. ಓದುತ್ತಾ ಓದುತ್ತಾ ಅವರ ಕೈ ಸೆರಗಿಗೆ ಹೋಗುತ್ತಿತ್ತು. ನಾನು ಅದನ್ನು ನೋಡಲಿಕ್ಕಾಗಿಯೇ ಬರೆಯತೊಡಗಿದೆ.

ಒಂದು ದಿನ ಕರೆಂಟು ಹೋಯಿತು. ಉಳಿದವರು ಎದ್ದು ಹೋದರು, ಪದ್ದಕ್ಕ ಬೆಂಚಿನ ಮೇಲೆ ಕುಳಿತರು. ನಾನು ಕುಡಿಯಲು ನೀರು ಕೊಟ್ಟೆ. ನೀರಿನಿಂದಲೇ ಮಾತು ಬಂತು.

"ನಮ್ಮನಿಯವರು ದೌಂಡದಾಗ ಗೂಡ್ಸ್ ಗಾಡಿ ಗಾರ್ಡ್ ಇದ್ರು. ಯಾವಾಗ ಡ್ಯೂಟಿಗೆ ಹೋಗ್ತಾರ, ಯಾವಾಗ ಬರ್ತಾರ ಅವರಿಗೇ ಗೊತ್ತಿರ್ತಿರಲಿಲ್ಲ. ಅದಕ್ಕ ಬಾಗಲದ ಹತ್ತರ ಒಂದು ತಂಬಿಗಿ ನೀರು ಇಟ್ಟು, ಮ್ಯಾಲೆ ಬಟ್ಟಲ ಮುಚ್ಚಿರ್ತಿದ್ದೆ. ಬಂದವರು ಅದನ್ನ ಕುಡದ ಮ್ಯಾಲೆನ ಮಾತು."

"ಈಗ ಆ ತೊಂದ್ರಿ ಇಲ್ಲ ಬಿಡ್ರಿ," ಎಂದೆ.

"ಈಗೂ ಇಡ್ತೀನ್ರಿ." ನಕ್ಕರು. "ಅವರು ಈ ಮನಿ ನೋಡೇ ಇಲ್ಲ. ಅವರು ಹೋದ ಮ್ಯಾಲೆ ಕ್ವಾರ್ಟರ್ಸ್ ಬಿಟ್ಟು ನಾ ಇಲ್ಲಿಗೆ ಬಂದಾಕಿ. ಅವರಿಗೆ ವಿಳಾಸ ಗೊತ್ತಿಲ್ಲ. ಆದ್ರ ದೀಪ ಹಚ್ಚೂ ಹೊತ್ತಿಗೆ ಕೈ ತಾನ ತಂಬಿಗಿ ತುಂಬ್ತದ. ಯಾರ ಮುಂದೂ ಅನಬ್ಯಾಡ್ರಿ ಅಣ್ಣಾರ, ಹುಚ್ಚಿ ಅಂದಾರು."

ಅನ್ನುವುದಿಲ್ಲ ಎಂದೆ. ಕರೆಂಟು ಬಂತು.

ಆ ವಾರದಲ್ಲೇ ನಾನು ಮನೆಯಾಗಿ ಹೀಗೆ ಬರೆದೆ: "ಮೂಲೆ ಖೋಲಿಯ ಬಾಗಿಲ ಬಳಿ ತಂಬಿಗೆ ಇಟ್ಟಲ್ಲೇ ಇತ್ತು. ಬಟ್ಟಲು ಮುಚ್ಚಿದಂತೆಯೇ ಇತ್ತು. ನೀರು ಒಂದು ಬೆರಳು ಕಡಿಮೆಯಾಗಿತ್ತು."

ಆಗ ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ಹೆಸರು ಹೇಳಿಲ್ಲ, ಊರು ಹೇಳಿಲ್ಲ, ಬೇರೆಯವರಿಗೆ ಅದು ಬರೀ ತಂಬಿಗೆ ಎಂದುಕೊಂಡೆ. ಮಧ್ಯಾಹ್ನ ಅವರು ಬರುವುದನ್ನು ಕಾದು ಕುಳಿತೆ.

ಅವರು ಓದಿದರು. ಕೈ ಸೆರಗಿಗೆ ಹೋಗಲಿಲ್ಲ. ಪರದೆಗೆ ಮುಖ ಹತ್ತಿರ ತಂದು ಇನ್ನೊಮ್ಮೆ ಓದಿದರು. ಆಮೇಲೆ ಎದ್ದು ಕೌಂಟರಿಗೆ ಬಂದರು.

"ಅಣ್ಣಾರ, ತಂಬಿಗಿ ಮಾತು ನಿಮಗೊಬ್ಬರಿಗೇ ಹೇಳಿದ್ದೆ. ಯಾರ ಮುಂದರ ಅಂದ್ರೇನು?"

"ಇಲ್ರಿ, ಯಾರ ಮುಂದ ಅನ್ನಲಿ?"

"ಆ ಆಟದಾಗ ನೀವಿಲ್ಲಲ್ಲ?"

"ನನಗ ಈ ಕೌಂಟರ್ ನೋಡೂದರಾಗ ಸಾಕಾಗೇದ. ಅದೆಲ್ಲಾ ಕಲ್ತ ಹುಡುಗರದು."

ನಾನು ಅವರ ಮುಖದಲ್ಲಿ ಹೆದರಿಕೆ ಹುಡುಕುತ್ತಿದ್ದೆ. ಹೆದರಿಕೆ ಇರಲಿಲ್ಲ. ಬಹಳ ದಿನ ನೋವಿದ್ದ ಹಲ್ಲು ಕಿತ್ತ ಮೇಲೆ ಮುಖ ಹೇಗಾಗುತ್ತದೋ ಹಾಗಿತ್ತು.

"ಹಂಗಾದ್ರ ಅವರಿಗೆ ವಿಳಾಸ ಸಿಕ್ಕದ," ಎಂದರು.

ಆಗಲೇ ಬಾಯಿಬಿಡಬೇಕಿತ್ತು. ಅವರು ಮೆಟ್ಟಿಲು ಇಳಿದು ಹೋಗುವವರೆಗೆ ನಾನು ಇಲಿಯ ವೈರು ಒರೆಸುತ್ತಾ ಕುಳಿತೆ. ಕಂಪ್ಯೂಟರಿನ ಮೌಸಿಗೆ ನಾವು ಹಾಗೇ ಇಲಿ ಅನ್ನುತ್ತಿದ್ದೆವು.

ಅಂದಿನಿಂದ ಪದ್ದಕ್ಕನ ಬರವಣಿಗೆ ಬದಲಾಯಿತು. ಉಪ್ಪು ಹೆಚ್ಚಾದ ಸಾರಿನ ವಿಷಯ, ಹೊಲಿಗೆಗೆ ಬರುವ ಹುಡುಗಿಯರ ವಿಷಯ, ಊರಿನ ಹೊಲದ ತಕರಾರಿನ ವಿಷಯ ಎಲ್ಲವನ್ನೂ ಮನೆಗೆ ಹೇಳತೊಡಗಿದರು. ನಡುನಡುವೆ, ನೀರು ತಣ್ಣಗಿತ್ತೋ ಇಲ್ಲವೋ ಎಂದು ಕೇಳುತ್ತಿದ್ದರು. ಗುಂಪಿನವರಿಗೆ ಬಹಳ ಸೇರಿತು. ಗಿರೀಶ ಕೌಂಟರಿಗೆ ಬಂದು ಹೇಳಿದ, "ಏನ್ ಬರೀತಾರ ಕಾಕಾ ಅವರು. ಮೊದಲ ನಾಟಕ ಕಂಪನಿಯೊಳಗ ಇದ್ರೇನು ಕೇಳ್ರಿ." ನಾನೂ ನಕ್ಕೆ. ಅವರು ಆಟ ಆಡುತ್ತಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಒಂದು ದಿನ ಬಟ್ಟಲು ಮಗ್ಗುಲಾಗಿತ್ತು ಎಂದು ಬರೆದೆ. ಇನ್ನೊಂದು ದಿನ ಬಾಗಿಲ ಬಳಿ ನೆಲ ಒದ್ದೆಯಾಗಿತ್ತು ಎಂದು ಬರೆದೆ.

ಮೇ ತಿಂಗಳು ಮುಗಿಯುತ್ತ ಬಂತು. ಹಾಸ್ಟೆಲಿನವರು ಬರುತ್ತೀರೋ ಇಲ್ಲವೋ ತಿಳಿಸಿ ಎಂದರು. ಪದ್ದಕ್ಕ ಅದನ್ನು ಆಟದಲ್ಲಿ ಬರೆದರು: "ಮನೆಯೇ, ನನ್ನನ್ನು ಬೆಳಗಾವಿಗೆ ಕರೆಯುತ್ತಿದ್ದಾರೆ. ಹೋಗಲೋ, ಇರಲೋ? ನಾನು ಹೋದರೆ ಅವರು ಮತ್ತೆ ಎಲ್ಲಿ ಹುಡುಕಬೇಕು?"

ಗುಂಪಿನವರು ಇದು ಕಥೆಯ ತಿರುವು ಎಂದು ತಿಳಿದು ಮನೆಯ ಉತ್ತರಕ್ಕೆ ಕಾದರು. ನಾನು ಯೋಚಿಸಿದೆ. ಮನೆ ಯಾರಿಗೂ ಉತ್ತರ ಕೊಡುವುದಿಲ್ಲ ಎಂಬ ನಿಯಮ ಮುರಿದರೆ ಆಟ ಕೆಡುತ್ತದೆ ಎಂದು ಯೋಚಿಸಿದೆ. ಇನ್ನೊಂದು ಯೋಚನೆಯನ್ನೂ ಮುಚ್ಚಿಡುವುದಿಲ್ಲ. ಅವರು ಹೋದರೆ ಗೋಡೆ ಬದಿಯ ಕುರ್ಚಿ ಖಾಲಿಯಾಗುತ್ತದೆ, ನಾನು ಬರೆದದ್ದನ್ನು ನನ್ನ ಕಣ್ಣೆದುರು ಓದುವವರು ಇರುವುದಿಲ್ಲ ಎಂದೂ ಅನ್ನಿಸಿತು.

ನಾನು ಕಳಿಸಿದ್ದು ಇಷ್ಟೇ: "ಅಂದು ಬೆಳಗ್ಗೆ ಮೂಲೆ ಖೋಲಿಯ ತಂಬಿಗೆ ತಳ ಕಾಣುವಂತೆ ಖಾಲಿಯಾಗಿತ್ತು."

ಮನೆ ಬರೆದ ಸಾಲುಗಳಲ್ಲೆಲ್ಲ ಇದೇ ಚೆಂದ ಎಂದು ಎಲ್ಲರೂ ಬರೆದರು. ಪದ್ದಕ್ಕ ಅದೇ ಕಂಪ್ಯೂಟರಿನಿಂದ ತಮ್ಮನಿಗೆ ಮೇಲ್ ಕಳಿಸಿ, ಹೊರಡುವಾಗ ಕೌಂಟರಿನ ಹತ್ತಿರ ನಿಂತರು.

"ಬೆಳಗಾವಿ ಬ್ಯಾಡಂತ ಬರದೆ ಅಣ್ಣಾರ."

"ಯಾಕ್ರಿ? ಚಲೋ ಕೆಲಸ ಇತ್ತಲ್ಲ."

"ಇಲ್ಲಿ ಹೊಂದಿಕೊಂಡೀನ್ರಿ," ಎಂದರು.

ಮಳೆಗಾಲದಲ್ಲಿ ಅವರ ತಮ್ಮ ಪುಣೆಗೆ ಬಂದ. ಕೊಡೆ ಮಡಚಿ ಕೆಫೆಯ ಬಾಗಿಲಲ್ಲೇ ನಿಂತು ಕೇಳಿದ, "ನಮ್ಮಕ್ಕ ಇಲ್ಲೇ ಬರತಿದ್ಲೇನ್ರಿ? ಊರಿನ ಕೆಲಸ ಬಿಟ್ಲು. ಮನಿ ಬಿಟ್ಟು ಒಂದು ರಾತ್ರಿ ಎಲ್ಲೂ ಹೋಗವಲ್ಲಳು. ತಂಬಿಗಿ ಮುಂದ ಕೂಡತಾಳ. ಕೇಳಿದ್ರ ಕಂಪ್ಯೂಟರದಾಗ ಬಂದದ ಅಂತಾಳ. ಯಾರ್ರಿ ಅದನ್ನ ಬರಿಯಾಂವ?"

"ಯಾರೋ ಕಾಲೇಜ್ ಹುಡುಗರ ಆಟರಿ. ಹೆಸರು ಯಾರದೂ ಇರಂಗಿಲ್ಲ."

"ಸಿಕ್ರ ಹೇಳ್ರಿ. ಬಡಿಯಾಕ ಬಂದಿಲ್ಲ ನಾ. ಆಕಿ ಮುಂದ ನಿಂತು, ಇದನ್ನ ನಾ ಬರದೀನಿ ಅಂತ ಒಂದು ಮಾತು ಅಂದ್ರ ಸಾಕು. ನಾವು ಹೇಳಿದ್ರ ನಂಬವಲ್ಲಳು."

ಹೇಳುತ್ತೇನೆ ಎಂದೆ. ಅವನು ಹೋದ.

ಆಟ ಸಾಕು, ಮುಗಿಸು ಎಂದು ಗಿರೀಶನಿಗೆ ಹೇಳಿದೆ. ಯಾಕೆ ಎಂದು ಕೇಳಿದಾಗ ಕಣ್ಣು ನೋವು ಅಂದೆ. ಅವನು ಒಂದೇ ಮೇಲ್‌ನಲ್ಲಿ ಮುಗಿಸಿದ. ಬಿಲ್ಡರ್ ಬಂದು ವಾಡೆ ಕೆಡವಿದ, ಎಲ್ಲರಿಗೂ ಫ್ಲ್ಯಾಟ್ ಸಿಕ್ಕವು ಎಂದು ಬರೆದ. "ಪುಣೇದಾಗ ವಾಡೆ ಕಥಿ ಹಿಂಗ ಮುಗೀಬೇಕಲ್ರಿ ಕಾಕಾ," ಎಂದು ನಕ್ಕ. ಪದ್ದಕ್ಕ ಆ ಮೇಲ್ ಓದಿದ ಮೇಲೆ ಕೆಫೆಗೆ ಬರಲಿಲ್ಲ.

ನಾಲ್ಕೈದು ವರ್ಷಗಳಾದವು. ಮನೆಮನೆಗೆ ಇಂಟರ್ನೆಟ್ ಬಂದು ನಮ್ಮ ಕೆಫೆ ಮುಚ್ಚಿತು. ಮುಚ್ಚಿದ ವಾರವೇ ನಾನು ಹೇಳಿಬಿಡುವುದೆಂದು ನಿಶ್ಚಯ ಮಾಡಿಕೊಂಡು ಪದ್ದಕ್ಕನ ಮನೆಗೆ ಹೋದೆ. ಸಂಜೆಯ ದೀಪ ಆಗಲೇ ಹಚ್ಚಿದ್ದರು. ಬಾಗಿಲ ಬಳಿ ತಂಬಿಗೆ ಇತ್ತು. ನಾನು ಅಷ್ಟೆಲ್ಲ ಬರೆದಿದ್ದರೂ ಅದನ್ನು ನೋಡಿದ್ದು ಅದೇ ಮೊದಲು. ಹಿತ್ತಾಳೆಯದು, ಕಂಠದ ಹತ್ತಿರ ಸ್ವಲ್ಪ ನೆಗ್ಗಿತ್ತು.

"ಬರ್ರಿ ಅಣ್ಣಾರ. ಹಾದಿ ತಪ್ಪಿ ಬಂದ್ರೇನು? ಮೊದಲ ನೀರು ಕುಡೀರಿ."

ಅವರು ಒಳಗೆ ಹೋಗಲಿಲ್ಲ. ಆ ತಂಬಿಗೆಯನ್ನೇ ಎತ್ತಿ ಕೊಟ್ಟರು. ನಾನು ಎತ್ತಿ ಕುಡಿದೆ. ಕುಡಿಯುವುದು ನಿಂತರೆ ಮಾತು ಶುರುಮಾಡಬೇಕಲ್ಲ ಎಂದು ನಿಲ್ಲಿಸದೆ ಪೂರ್ತಿ ಕುಡಿದೆ. ಅವರು ತಂಬಿಗೆ ತೆಗೆದುಕೊಂಡು ಒಳಗೆ ನೋಡಿದರು.

"ತಳ ಕಾಣೂ ಹಂಗ ಕುಡದ್ರಿ. ಭಾಳ ದಿವಸ ಆಗಿತ್ತು, ಇದನ್ನ ಯಾರೂ ಮುಟ್ಟಿರಲಿಲ್ಲ." ಸೆರಗಿನಿಂದ ಅದರ ಕಂಠ ಒರೆಸುತ್ತ, "ನನ್ನ ಮ್ಯಾಲೆ ಸಿಟ್ಟಾದ್ರೋ ಏನೋ ಅವರು," ಎಂದರು. ಆಮೇಲೆ ತಂಬಿಗೆ ತುಂಬಿ, ಬಟ್ಟಲು ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟರು.

ನಾನು ಕೆಫೆ ಮುಚ್ಚಿದ ಸುದ್ದಿ ಹೇಳಿದೆ. ಅವರು ಅವಲಕ್ಕಿ ಕಲಸಿ ಕೊಟ್ಟರು, ತಿಂದೆ. ಬರುತ್ತೇನೆ ಎಂದು ಹೇಳಿ ಎದ್ದು ಬಂದೆ. ಮುಂದಿನ ಸಲ ಹೋದಾಗ ಬಾಗಿಲ ಮೇಲೆ ಬೇರೆ ಹೆಸರಿತ್ತು. ಒಳಗಿದ್ದವರು ಮರಾಠಿಯಲ್ಲಿ, ಮೊದಲು ಇದ್ದವರು ಎಲ್ಲಿಗೆ ಹೋದರೋ ತಮಗೆ ಗೊತ್ತಿಲ್ಲ ಎಂದರು.

ದೆವ್ವ ಭೂತಗಳಲ್ಲಿ ನನಗೆ ಅಂದೂ ನಂಬಿಕೆ ಇರಲಿಲ್ಲ, ಇಂದೂ ಇಲ್ಲ. ಹಾಗಿದ್ದೂ ಹೆಸರು ಹೇಳದೆ ಒಬ್ಬ ಒಂಟಿ ಹೆಣ್ಣುಮಗಳ ಮನೆ ಹೊಕ್ಕು, ಅವರ ನೀರಿಗೆ ಕೈ ಹಾಕಿ, ಅವರನ್ನು ಆ ಬಾಗಿಲಿಗೇ ಕಟ್ಟಿಹಾಕಿದ್ದು ನಿಜ. ಈಗಲೂ ಯಾರ ಮನೆಗೆ ಹೋದರೂ, ಬಂದವರಿಗೆ ಮೊದಲು ಕೊಡುವ ನೀರು ನನಗೆ ಸಲೀಸಾಗಿ ಇಳಿಯುವುದಿಲ್ಲ.

ಅವರ ತಮ್ಮ ಕೇಳಿದ ಒಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಪದ್ದಕ್ಕ ಓದುತ್ತಾರೋ, ಓದಲು ಇದ್ದಾರೋ ನನಗೆ ಗೊತ್ತಿಲ್ಲ. ಆ ತಂಬಿಗೆಯ ನೀರನ್ನು ಆಗ ಯಾರೂ ಕುಡಿದಿರಲಿಲ್ಲ, ನಿಮ್ಮ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅದನ್ನೆಲ್ಲ ಬರೆದವನು ಕೌಂಟರಿನಲ್ಲಿ ಕೂಡುತ್ತಿದ್ದ ನಾನು, ಸುಮಿತ್ರಾ ಗುಡಗೇರಿಯವರೇ.