ಹೊಳಲ್ಕೆರೆವರೆಗೂ ಜಗಳ

ನನಗೆ ಗರ್ಭಕೋಶದ ಆಪರೇಷನ್ ಆದ ದಿನ ನಮ್ಮ ಯಜಮಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಿದ್ದರು. ಇವಳು ಎದ್ದು ಓಡಾಡುವಂತಾದರೆ ಗಂಡ ಹೆಂಡತಿ ಇಬ್ಬರೂ ಧರ್ಮಸ್ಥಳಕ್ಕೆ ನಡೆದು ಬರುತ್ತೇವೆ ಅಂತ. ಮಂಜುನಾಥನಿಗೆ ಅವತ್ತೇ ತಿಳಿಸಿದ್ದನ್ನು ನನಗೆ ತಿಳಿಸಿದ್ದು ವರ್ಷ ಕಳೆದ ಮೇಲೆ. ಆ ಸಿಟ್ಟನ್ನು ನುಂಗಿಕೊಂಡೇ ಶಿವರಾತ್ರಿಗೆ ಮುಂಚೆ ಒಂದು ನಸುಕಿನಲ್ಲಿ ಚಿತ್ರದುರ್ಗದ ಮನೆಗೆ ಬೀಗ ಹಾಕಿದೆ.

ಮೊದಲ ದಿನ ಹೊಳಲ್ಕೆರೆ, ಮರುದಿನ ಹೊಸದುರ್ಗದ ದಾರಿ ಎಂಬುದು ಅವರ ಲೆಕ್ಕಾಚಾರ. ಯಾತ್ರೆಗೆಂದೇ ಹೊಸ ಶೂ ತಂದಿದ್ದರು. ಹಳೇ ಚಪ್ಪಲಿ ಹಾಕಿಕೊಳ್ಳಿ ಅಂದರೆ ಕೇಳಲಿಲ್ಲ. ಊರು ದಾಟಿದ್ದೇ ನನ್ನನ್ನು ಬಿಟ್ಟು ದಾಪುಗಾಲು ಹಾಕಿದರು. ಕೂಗಿ ಕರೆದರೆ ನಿಲ್ಲುತ್ತಿದ್ದರು, ನಿಜ. ಆದರೆ ನಾನು ಏದುಸಿರು ಬಿಡುತ್ತಾ ಹತ್ತಿರ ಹೋಗುವಷ್ಟರಲ್ಲಿ ಅವರ ದಣಿವು ಆರಿರುತ್ತಿತ್ತು, ಹೊರಟುಬಿಡುತ್ತಿದ್ದರು. ನನ್ನ ದಣಿವು ಆರುವುದು ಯಾವಾಗ?

ದಾರಿಬದಿಯ ಗೂಡಂಗಡಿಯಲ್ಲಿ ಚಹಾ ಕುಡಿದ ಮೇಲೆ ಅವರು ಮೊಬೈಲ್ ತೆಗೆದರು. "ಹೊಲದಾಗೆ ಒಂದು ಬಂಡಿಜಾಡು ಐತೆ ನೋಡು. ಹಿಂಗೆ ಹೋದ್ರೆ ಭಾಳ ಹತ್ರ."

"ರಸ್ತೆ ಬಿಟ್ಟು ಹೋಗೋದು ಬ್ಯಾಡ ಕಣ್ರಿ."

"ಮ್ಯಾಪು ಸುಳ್ಳು ಹೇಳ್ತೈತಾ?"

ಕುಯ್ದ ಮೆಕ್ಕೆಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು, ಸೀರೆಯಂಚಿನ ತುಂಬ ಮುಳ್ಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎದುರಿಗೆ ಗುಡ್ಡದಂಥ ಮಣ್ಣಿನ ರಾಶಿ ಬಂತು. ಹತ್ತಿ ನೋಡಿದರೆ ಆಚೆ ಹೊಸದಾಗಿ ತೋಡಿದ ಕಾಲುವೆ. ನೀರೂ ಇಲ್ಲ, ಸೇತುವೆಯೂ ಇಲ್ಲ, ಇಳಿದರೆ ಹತ್ತಲಾಗದಷ್ಟು ಆಳ. ಅವರು ಮೊಬೈಲನ್ನೊಮ್ಮೆ, ಕಾಲುವೆಯನ್ನೊಮ್ಮೆ ನೋಡಿದರು.

"ಮ್ಯಾಪಿನಾಗೆ ಇದು ಇಲ್ವಲ್ಲೇ."

"ಇಲ್ದಿದ್ರೆ ದಾಟ್ರಿ ಮತ್ತೆ!"

ಬಂದ ಜಾಡಿನಲ್ಲೇ ವಾಪಸು ನಡೆದು ಅದೇ ಗೂಡಂಗಡಿಯ ಮುಂದೆ ಬಂದು ನಿಂತೆವು. ಅಂಗಡಿಯಾಕೆ "ಇನ್ನೂ ಇಲ್ಲೇ ಅದೀರಾ?" ಅಂದಾಗ ಅಳು ಬಂತು. ಯಜಮಾನರು ಶೂ ಬಿಚ್ಚಿದರು. ಎರಡೂ ಹಿಮ್ಮಡಿಯ ಚರ್ಮ ಕಿತ್ತುಹೋಗಿತ್ತು. ಅಷ್ಟರಲ್ಲಿ ಹೊಳಲ್ಕೆರೆ ಬಸ್ಸು ಬಂದು ನಿಂತಿತು.

"ಹತ್ತಾಣ ನಡಿ," ಅಂದರು. "ನಾಳೆಯಿಂದ ನೆಟ್ಟಗೆ ನಡೆಯಾಣ."

ಬೆಳಗಿನಿಂದ ನನ್ನನ್ನು ಎಳೆದಾಡಿದ ಮನುಷ್ಯ ಈ ಮಾತು ಆಡುವುದಾ? "ನೀವು ಹೋಗ್ರಿ. ನಾನು ನಡ್ಕಂಡೇ ಬರ್ತೀನಿ," ಅಂದೆ. ಅದು ಭಕ್ತಿಯಿಂದ ಬಂದ ಮಾತಲ್ಲ, ಬರೀ ಹಟ.

"ಜಲ್ದಿ ಹತ್ರಿ, ಯಾರು ಬರೋರು?" ಎಂದು ಕಂಡಕ್ಟರ್ ಕೂಗಿದ. ನಾನು ಬರದೆ ಇವರು ಹತ್ತಲಾರರು ಎಂದುಕೊಂಡಿದ್ದೆ. ಶೂ ಕೈಯಲ್ಲಿ ಹಿಡಿದು ಹತ್ತಿಯೇಬಿಟ್ಟರು.

ಯಾರದೋ ಹರಕೆಗೆ ನಾನೊಬ್ಬಳೇ ಡಾಂಬರಿನ ಮೇಲೆ ಬೇಯುತ್ತಾ ನಡೆದೆ. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಮುಖದ ತುಂಬ ಧೂಳು. ಒಂದಷ್ಟು ದೂರ ನಡೆದ ಮೇಲೆ ನೋಡಿದರೆ, ಒಂದು ಊರಿನ ಬಸ್ ತಂಗುದಾಣದಲ್ಲಿ ಅವರು ಕೂತಿದ್ದರು. ಮನಸ್ಸು ತಡೆಯದೆ ಇಳಿದಿದ್ದರಂತೆ. ಎಲ್ಲೋ ಹವಾಯಿ ಚಪ್ಪಲಿ ಕೊಂಡಿದ್ದರು, ನನಗೆಂದು ಎಳನೀರು ಇಟ್ಟುಕೊಂಡಿದ್ದರು. ಕುಡಿದು, ಬುರುಡೆ ಎಸೆದು ನಡೆದೆ. ಅಲ್ಲಿಂದ ಅವರು ಕುಂಟುತ್ತಾ ನನ್ನ ಹಿಂದೆ ಬಂದರು.

ಹೊಳಲ್ಕೆರೆ ಮುಟ್ಟಿದಾಗ ಮುಸ್ಸಂಜೆ. ನಾವು ಇಳಿದುಕೊಂಡ ಛತ್ರದಲ್ಲಿ ಅಡುಗೆಯಾಕೆ ಕಾಲಿಗೆ ಬಿಸಿನೀರು ಕೊಟ್ಟು, "ದುರ್ಗದಿಂದ ಇಬ್ರೂ ನಡ್ಕಂಡೇ ಬಂದ್ರಾ?" ಅಂದಳು. ನಾನು ಹೂಂ ಅನ್ನುವಷ್ಟರಲ್ಲಿ ಇವರು, "ಇವ್ಳು ಬಂದ್ಲಮ್ಮ. ನಾನು ಒಂದಿಷ್ಟು ದೂರ ಬಸ್ಸಿನಾಗೆ ಬಂದೆ," ಅಂದುಬಿಟ್ಟರು. ಆ ಮಾತಿಗೆ ನನ್ನ ಸಿಟ್ಟು ಕೊಂಚ ಇಳಿಯಿತು.

ಮಲಗುವಾಗ ಮತ್ತೆ ಏರಿತು. "ಬಸ್ಸಿನಾಗೆ ಬಂದಷ್ಟು ದೂರ ಬಾಕಿ ಉಳೀತಲ್ಲ. ಬೆಳಿಗ್ಗೆ ವಾಪಸ್ ಹೋಗಿ ಅದನ್ನ ನಡೆದು ಬರಾಣ," ಅಂದರು.

"ಬರಾಣ ಅಂದ್ರೆ ಯಾರ್ಯಾರು?"

ನಾನು ಗೋಡೆ ಕಡೆ ತಿರುಗಿಕೊಂಡೆ. ಬೆಳಿಗ್ಗೆ ಎಚ್ಚರವಾದಾಗ ಪಕ್ಕದ ಚಾಪೆ ಖಾಲಿಯಿತ್ತು. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ದುರ್ಗದ ಕಡೆಯ ಮೊದಲ ಬಸ್ಸಿಗೇ ಹೋದರು ಎಂದು ಅಡುಗೆಯಾಕೆ ಹೇಳಿದಳು. ಹೋಗಲಿ ಬಿಡಿ ಎಂದು ಮುಸುಕು ಎಳೆದುಕೊಂಡೆ.