ಹುಣಸೆಹಣ್ಣಿನಲ್ಲಿ ತೊಳೆದ ಪಟ್ಟಿ

ಗುರುವಾರ ದೇವರ ಸಾಮಾನು ತೊಳೆಯುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ದುಬೈಯ ಅಲ್ ಕುಸೈಸ್‌ನ ಈ ಫ್ಲ್ಯಾಟಿನಲ್ಲೂ ತಪ್ಪಿಸಿಲ್ಲ. ಹುಣಸೆಹಣ್ಣು, ಉಪ್ಪು, ಹಳೆಯ ಪಂಚೆಯ ತುಂಡು, ಅಷ್ಟಿದ್ದರೆ ಆಯಿತು.

ಮಗಳು ಅಬುಧಾಬಿಯಲ್ಲಿ ಪಿಎಚ್‌ಡಿ ಮಾಡುತ್ತಾಳೆ. ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್ ತೆಗೆಯುವ ಕೆಲಸ. ಅದಕ್ಕೆ ಪ್ಲಾಟಿನಂ ಬದಲು ಲೋಹದ ಗಾಜು ಬಳಸಿ ನೋಡುತ್ತಿದ್ದಾರಂತೆ. ನನಗೆ ತಿಳಿಯಲೆಂದು ಸಕ್ಕರೆ ಪಾಕದ ಉದಾಹರಣೆ ಕೊಟ್ಟಿದ್ದಳು. ಪಾಕ ನಿಧಾನವಾಗಿ ಆರಿದರೆ ಹರಳುಗಟ್ಟುತ್ತದೆ, ತಟ್ಟನೆ ತಣಿಸಿದರೆ ಗಾಜಿನ ಹಾಗೆ ನಿಲ್ಲುತ್ತದೆ. ಕಬ್ಬಿಣ, ನಿಕ್ಕಲ್ಲುಗಳನ್ನೂ ಕರಗಿಸಿ, ಗಿರ್ರನೆ ತಿರುಗುವ ಚಕ್ರದ ಮೇಲೆ ಸುರಿದು, ಹಾಗೆಯೇ ತೆಳ್ಳನೆಯ ಪಟ್ಟಿ ಮಾಡುತ್ತಾರೆ.

ಅಂಥ ಒಂದು ಪಟ್ಟಿಯನ್ನು ಅವಳು ಒಂದು ಗುರುವಾರ ಪುಟ್ಟ ಡಬ್ಬಿಯಲ್ಲಿ ಮನೆಗೆ ತಂದಿದ್ದಳು. ಮರುದಿನ ಬೆಳಿಗ್ಗೆ ದುಬೈಯಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡುವುದಿತ್ತು. ದೇವರಲ್ಲಿ ಅವಳಿಗೆ ನಂಬಿಕೆ ಕಡಿಮೆ. ನನ್ನ ಸಮಾಧಾನಕ್ಕೆ ಡಬ್ಬಿಯನ್ನು ದೇವರ ಮುಂದಿಟ್ಟು ಸ್ನಾನಕ್ಕೆ ಹೋದಳು. ಕುಂಕುಮ ಹಚ್ಚೋಣವೆಂದು ಮುಚ್ಚಳ ತೆಗೆದೆ. ಪಟ್ಟಿ ಕಪ್ಪಾಗಿತ್ತು. ಮಸಿ ಹಿಡಿದದ್ದನ್ನು ದೇವರ ಮುಂದೆ ಇಡುವುದುಂಟೇ? ದೀಪಗಳ ಜೊತೆ ಅದನ್ನೂ ಉಜ್ಜಿ, ಒರೆಸಿ, ಡಬ್ಬಿಗೆ ಹಾಕಿಟ್ಟೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಖುಷಿಪಟ್ಟೆ. ಅವಳು ತೆರೆದು ನೋಡದೆ ಒಯ್ದಳು.

ಮರುದಿನ ಮಧ್ಯಾಹ್ನ ಬಂದವಳು ತಟ್ಟೆಯ ಮುಂದೆ ಕುಳಿತು, ಪಟ್ಟಿ ಹಾಳಾಗಿದೆ ಎಂದಳು. ದಿನಗಟ್ಟಲೆ ನೀರಿನಲ್ಲಿ ಕೆಲಸ ಮಾಡಿ ಪಟ್ಟಿಯ ಮೇಲೆ ಕಟ್ಟಿಕೊಂಡ ಆ ಕಪ್ಪು ಪದರವೇ ಹೈಡ್ರೋಜನ್ ಬಿಡಿಸುವುದಂತೆ. ನೋಡಬೇಕಾಗಿದ್ದದ್ದೂ ಅದನ್ನೇ. ಡಬ್ಬಿಗೆ ಹಾಕಿ ಕೊಟ್ಟವಳು ಲ್ಯಾಬಿನಲ್ಲಿ ಜೊತೆಗಿರುವ ಮಲಯಾಳಿ ಹುಡುಗಿ.

“ಅವಳೇ ಆಸಿಡ್‌ನಲ್ಲಿ ಕ್ಲೀನ್ ಮಾಡಿದಾಳೆ ಅಮ್ಮ. ಫೋನ್ ಮಾಡಿ ಕೇಳಿದ್ರೆ ಇಲ್ಲ ಅಂತಾಳೆ. ಸುಳ್ಳುಗಾರ್ತಿ.”

ನಾನು ಸಾರು ಬಡಿಸುತ್ತಿದ್ದೆ. ಇನ್ನೊಂದು ಸೌಟು ಹಾಕಿದೆ. ಬಾಯಿ ಬಿಡಲಿಲ್ಲ.

ಯುಗಾದಿಗೆ ನಮ್ಮನೆಗೆ ಬಂದು ಕೇಳಿ ಕೇಳಿ ಒಬ್ಬಟ್ಟು ಹಾಕಿಸಿಕೊಂಡ ಹುಡುಗಿ ಅದು. ಮೂರು ವಾರ ಅವರಿಬ್ಬರಿಗೆ ಮಾತಿರಲಿಲ್ಲ. ಪಟ್ಟಿ ಇನ್ನೊಂದು ಮಾಡಿಕೊಳ್ಳುತ್ತಾರೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ದೀಪ ಹಚ್ಚಿ ನಿಂತರೆ ಬಾಯಿಗೆ ಶ್ಲೋಕವೇನೋ ಬರುತ್ತಿತ್ತು, ದೇವರ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ಗುರುವಾರ ಮಗಳು, ಆ ಹುಡುಗಿಯ ಮೇಲೆ ಪ್ರೊಫೆಸರಿಗೆ ದೂರು ಬರೆಯುತ್ತೇನೆ ಎಂದಳು. ನನ್ನ ಕೈ ತುಂಬ ಹುಣಸೆಹಣ್ಣು.

“ಅದನ್ನ ತೊಳೆದಿದ್ದು ನಾನು ಕಣೆ.”

ಅವಳು ಬೈಯಲಿಲ್ಲ. ಹುಡುಗಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಸಿಂಕಿನ ಪಕ್ಕ ಇಟ್ಟಳು. “ಅವಳಿಗೆ ಹೇಳು.”

ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹುಡುಗಿ, ಆಂಟಿ, ಹೀಗಾಯಿತೆಂದು ನಿಮಗೆ ಯಾವತ್ತು ಗೊತ್ತಾಯಿತು ಎಂದು ಕೇಳಿದಳು.

ಇವತ್ತೇ ಎಂದಿದ್ದರೆ ನಂಬುತ್ತಿದ್ದಳು. ಮೊದಲ ದಿನವೇ ಎಂದೆ. ಇವತ್ತೇ ಎಂಬ ಸುಳ್ಳು ಬಾಯಿಗೆ ಬಾರದಂತೆ ದೇವರು ಕಾಪಾಡಿದ. ಅವಳು ಫೋನ್ ಇಡಲಿಲ್ಲ, ಅದೂ ಅವನ ಕೃಪೆಯೇ. ಪರವಾಗಿಲ್ಲ ಎಂದು ಮಾತ್ರ ಅನ್ನಲಿಲ್ಲ.

ಮಗಳು ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಜಿನಾಚೆ ಅವಳ ತುಟಿ ಆಡುತ್ತಿತ್ತು. ನಾನು ಉಳಿದ ದೀಪಗಳನ್ನು ತೊಳೆಯತೊಡಗಿದೆ.