ಮುರುಗಲು ಬಣ್ಣದ ಚೂರು ಬಟ್ಟೆ

ಸಾಗರದ ಪೇಟೆಯಲ್ಲಿ ನನ್ನದೊಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ ತೆಗೆದುಕೊಡುವುದು ನನ್ನ ಕಸುಬು. ಜಂಬ ಅಂದುಕೊಂಡರೂ ಸೈ, ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದು ಕಡಿಮೆ. ಕೋಪ ಮೂಗಿನ ತುದಿಯಲ್ಲೇ ಇರುವುದೂ ಅಷ್ಟೇ ನಿಜ. ಹೋದ ವರ್ಷ ಒಯ್ದ ಬಟ್ಟೆಯನ್ನೇ ಮತ್ತೆ ಕೇಳಿಕೊಂಡು ಬಂದವರು, "ಇದು ಅದಲ್ಲ, ನೀವು ಬೇರೆ ಕೊಡ್ತಾ ಇದ್ದೀರಿ" ಅಂದರೆ ಮೈಯೆಲ್ಲ ಉರಿಯುತ್ತದೆ. "ನಂಬರ್ ಅದೇ ಅಮ್ಮ, ಲಾಟ್ ಬೇರೆ. ಬಣ್ಣ ಅದ್ದುವಾಗ ಒಂದೊಂದು ಸಲ ಒಂಚೂರು ಹೆಚ್ಚುಕಮ್ಮಿ ಆಗ್ತದೆ" ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಬೇರೆಯವರಿಗೆ ಹೇಳುವ ಈ ಮಾತು ನನ್ನ ತಲೆಗೇ ಇಳಿಯಬೇಕಾದರೆ ಒಂದು ಗಿಡ ಎರಡು ಸಲ ಹೂ ಬಿಡಬೇಕಾಯಿತು.

ಆ ಗಿಡ ಕೊಟ್ಟವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮನೆ ಕೋಣಂದೂರಿನಲ್ಲಿ. ನಾನು ಕರೆಯುವುದು ಅಕ್ಕ ಅಂತ. ನಾನು ಅಂಗಡಿ ಇಡುತ್ತೇನೆ ಅಂದಾಗ ಮನೆಯವರೆಲ್ಲ ಮುಖ ಸಿಂಡರಿಸಿದ್ದರು. "ಅವಳ ಕೈಯಲ್ಲಿ ಆಗ್ತದೆ, ಬಿಡಿ" ಅಂದವಳು ಅಕ್ಕ ಒಬ್ಬಳೇ. ಅಂಗಡಿ ತೆರೆದ ದಿನ ಬೆಳಗಿನ ಬಸ್ಸಿಗೆ ಬಂದು ಮೊದಲ ರವಿಕೆ ಬಟ್ಟೆ ಕೊಂಡವಳೂ ಅವಳೇ. ಇಷ್ಟು ವರ್ಷಗಳಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅವಳ ಹತ್ತಿರ ಮಾತ್ರ.

ನಾಲ್ಕು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ ಅವಳ ಮನೆಗೆ ಹೋದಾಗ ಹಿತ್ತಿಲ ನೆರಳುಬಲೆಯ ಕೆಳಗೆ ಒಂದು ಸ್ಲಿಪ್ಪರ್ ಆರ್ಕಿಡ್ ಅರಳಿತ್ತು. ಹೈಬ್ರಿಡ್ ಗಿಡ. ಎದುರಿಗೆ ಮೊಂಡು ಮೂಗಿನ ಚಪ್ಪಲಿಯಂಥ ಚೀಲ, ಅದರ ಮೇಲೆ ಕೊಡೆ ಹಿಡಿದ ಹಾಗೆ ಗೆರೆಗೆರೆಯ ಒಂದು ದಳ, ಎರಡು ಪಕ್ಕಕ್ಕೂ ಚುಕ್ಕೆಯ ದಳ. ಬಣ್ಣ ಮಾತ್ರ, ಅಬ್ಬಾ, ಹಣ್ಣಾದ ಮುರುಗಲಿನ ಕಪ್ಪುಗೆಂಪು.

"ದೇವ್ರಿಗೆ ಏರ್ಸಂಗಿಲ್ಲ, ತಲೆಗೆ ಮುಡಿಯಂಗಿಲ್ಲ. ಸುಮ್ನೆ ನೋಡಕ್ಕಷ್ಟೇ ಮಾರಾಯ್ತಿ" ಎಂದು ಅಕ್ಕ ನಕ್ಕಳು.

ನನ್ನ ಬ್ಯಾಗಿನಲ್ಲಿ ಸದಾ ಚೂರು ಬಟ್ಟೆಗಳ ಕಟ್ಟು ಇರುತ್ತದೆ. ಒಂದೊಂದೇ ಹೂವಿನ ಪಕ್ಕ ಹಿಡಿದು ನೋಡಿದೆ. ಒಂದು ಚೂರು ಸರೀ ಒಪ್ಪಿತು. ಅದನ್ನು ಪರ್ಸಿನಲ್ಲಿ ಬೇರೆಯಾಗಿ ಇಟ್ಟುಕೊಂಡು, "ಅಕ್ಕ, ನಂಗೂ ಇದು ಬೇಕು" ಅಂದೆ. "ಹೂ ಬಾಡ್ಲಿ, ಕಳಿಸ್ತೀನಿ" ಅಂದಳು. ಹೇಳಿದ ಹಾಗೆ ಸಂಕ್ರಾಂತಿಯ ಹೊತ್ತಿಗೆ ಹೊಸನಗರದ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಒಂದು ಕಟ್ಟು ತಂದುಕೊಟ್ಟ. ಒದ್ದೆ ಪೇಪರಿನಲ್ಲಿ ಸುತ್ತಿದ, ಒಂದಕ್ಕೊಂದು ಅಂಟಿಕೊಂಡ ಎರಡು ಮರಿಗಳು.

ಅಂಗಡಿಯ ಹಿಂದೆ ತಗಡಿನ ಮಾಡಿನ ಕೆಳಗೆ ಇಟ್ಟು ಮಗುವಿನ ಹಾಗೆ ಸಾಕಿದೆ. ಮರುವರ್ಷದ ಬೇಸಿಗೆಯಲ್ಲಿ ಒಂದು ಮರಿಯಲ್ಲಿ ಮೊಗ್ಗು ಬಂತು. ಅರಳಿದ್ದು ನೋಡಿದರೆ ಪಿಚ್ಚೆನಿಸಿತು. ಇಷ್ಟೇ ಇಷ್ಟು ಹೂವು, ಬಾಡಿದ ಸೊಪ್ಪಿನಂಥ ಹಸಿರು, ಒಂದು ಪಕ್ಕದ ದಳ ಸೊಟ್ಟ, ಗೆರೆಗಳು ಇದ್ದೂ ಇಲ್ಲದ ಹಾಗೆ. ಪರ್ಸಿನಿಂದ ಚೂರು ಬಟ್ಟೆ ತೆಗೆದು ಪಕ್ಕಕ್ಕಿಟ್ಟೆ. ಎತ್ತಣಿಂದೆತ್ತ! ನನ್ನ ಕಣ್ಣು ಸುಳ್ಳು ಹೇಳುವುದಿಲ್ಲವಲ್ಲ, ಹಾಗಾದರೆ ಅಕ್ಕ ಬೇರೆ ಗಿಡ ಕಳಿಸಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ.

ಅದೇ ವಾರ ಹೊಸನಗರದಲ್ಲಿ ನೆಂಟರ ಮಗುವಿನ ನಾಮಕರಣ. ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ತಡೆಯಲಾಗಲಿಲ್ಲ. ಫೋನಿನಲ್ಲಿದ್ದ ಹೂವಿನ ಫೋಟೋವನ್ನೂ ಚೂರು ಬಟ್ಟೆಯನ್ನೂ ಅವಳ ಎಲೆಯ ಪಕ್ಕ ಇಟ್ಟು, ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದೆ. "ಕೊಡಕ್ಕೆ ಮನಸ್ಸಿಲ್ದಿದ್ರೆ ಇಲ್ಲ ಅನ್ಬೇಕಿತ್ತಕ್ಕ. ಒಳ್ಳೇದು ನೀನಿಟ್ಕಂಡು ಕಸ ನಂಗೆ ಕಳ್ಸಿದ್ಯಲ್ಲ!"

ಪಾಯಸ ಬಡಿಸುತ್ತಿದ್ದವರ ಸೌಟು ಅಲ್ಲೇ ನಿಂತಿತು. ಅಕ್ಕ ಫೋಟೋ ನೋಡಿದಳು, ಬಟ್ಟೆ ನೋಡಿದಳು. "ಇನ್ನೊಂದು ಹೂವು ಬರ್ಲಿ, ಆಮೇಲೆ ಹೇಳು" ಅಂದಳು, ಅಷ್ಟೇ. ಅವತ್ತು ಅವಳು ಪಾಯಸ ಮುಟ್ಟಲಿಲ್ಲ.

ಆಮೇಲೆ ಎಂಟು ತಿಂಗಳು ಅವಳ ಫೋನಿಲ್ಲ. ನಾನೂ ಮಾಡಲಿಲ್ಲ. ಅವಳು ಸಾಗರಕ್ಕೆ ಬಂದು ಹೋದದ್ದು ಬೇರೆಯವರ ಬಾಯಿಂದ ಗೊತ್ತಾಯಿತು. ಅಂಗಡಿಯ ಮುಂದೆಯೇ ಬಸ್ಸು ಹೋಗುತ್ತದೆ, ಇಳಿದು ಒಂದು ಲೋಟ ನೀರು ಕುಡಿದು ಹೋಗಬಾರದಿತ್ತೇ ಎಂದು ಒಳಗೊಳಗೇ ಅತ್ತೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದವಳು ನಾನು. ಅವಳು ಯಾಕೆ ಬರಬೇಕು ಹೇಳಿ.

ಡಿಸೆಂಬರಿನ ಚಳಿಯಲ್ಲಿ ಇನ್ನೊಂದು ಮರಿ ಮೊಗ್ಗಾಯಿತು. ನಿಧಾನಕ್ಕೆ, ಹದಿನೈದು ದಿನ ಸತಾಯಿಸಿ ಅರಳಿತು. ಅಂಗೈ ಅಗಲದ ಹೂವು, ನೆಟ್ಟಗಿನ ದಳ, ತಿದ್ದಿ ಬರೆದಂಥ ಗೆರೆ. ಚೂರು ಬಟ್ಟೆಯನ್ನು ದಳದ ಮೇಲಿಟ್ಟೆ. ಬಟ್ಟೆ ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಎಂದು ನನಗೇ ಗೊತ್ತಾಗಲಿಲ್ಲ. ನಂಬರ್ ಅದೇ, ಲಾಟ್ ಬೇರೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಅಂಗಡಿ ಬಾಗಿಲು ಎಳೆದು, ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕೋಣಂದೂರಿನವರೆಗೂ ಏನು ಹೇಳಬೇಕು ಎಂದು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದ ಅಕ್ಕ ನನ್ನ ಮುಖಕ್ಕಿಂತ ಮೊದಲು ಹೂವು ನೋಡಿ, "ಬಂತಲ್ಲೇ!" ಅಂದಳು. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ತಪ್ಪಾಯ್ತಕ್ಕ" ಅಂದೆ.

"ಮೊಗ್ಗು ಕಟ್ಟೋ ಹೊತ್ತಿಗೆ ಚಳಿ ಸಿಕ್ರೆ ಬಣ್ಣ ಹಿಡೀತದೆ. ಸೆಕೆಗೆ ಸಿಕ್ರೆ ಬಿಳುಚ್ಕತ್ತದೆ. ಎಳೇ ಮರಿ ಆದ್ರಂತೂ ಮೊದಲ ಹೂವು ಸೊಟ್ಟನೇ. ಅಷ್ಟು ಜನರ ಎದುರಿಗೆ ಎಂಥ ಪಾಠ ಮಾಡದು ಅಂತ ಸುಮ್ನಾದೆ" ಅಂದಳು. ಕುಂಡವನ್ನು ನನ್ನ ಕೈಯಿಂದ ಇಸಿದುಕೊಳ್ಳುತ್ತಾ, "ಬೇಜಾರಾಗಿತ್ತು ಮಾತ್ರ ಹೌದು" ಅಂದಳು.

ಕಾಫಿ ಕುಡಿದು ಹಿತ್ತಿಲಿಗೆ ಹೋದೆವು. ಅವಳ ಕುಂಡದಲ್ಲಿ ಹೂವಿರಲಿಲ್ಲ. ಹಳದಿ ತಿರುಗಿದ ಎಲೆಗಳ ಒಂದೇ ಒಂದು ಬುಡ ಇತ್ತು.

"ಇದ್ಯಾಕಕ್ಕ ಹೂ ಬಿಟ್ಟಿಲ್ಲ?"

"ಒಂದ್ಸಲ ಬಿಟ್ಟ ಬುಡ ಮತ್ತೆ ಬಿಡಲ್ಲ. ಬಾಳೆ ಹಂಗೆ. ಮರಿಯಿಂದ್ಲೇ ಮುಂದಿನ ಹೂವು. ಇದ್ದಿದ್ದು ಎರಡೇ ಮರಿ."

"ಎರಡೂ ನಂಗೆ ಕಳಿಸಿದ್ಯಾ?"

"ಒಂದನ್ನೇ ಕಿತ್ರೆ ಬದುಕ್ತಿರಲಿಲ್ಲ ಕಣೆ. ನೀನು ಅಷ್ಟು ಆಸೆ ಪಟ್ಟಿದ್ದೆ" ಎಂದು ಹೇಳಿ, ಬಕೆಟ್ ಎತ್ತಿಕೊಂಡು ಉಳಿದ ಗಿಡಗಳಿಗೆ ನೀರು ಹಾಕಲು ಹೋದಳು.

ನಾನು ಆ ಮುದಿ ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಎಲೆಯ ಸಂದಿಯಲ್ಲಿ ಜೋಳದ ಕಾಳಿನಷ್ಟು ಒಂದು ಹೊಸ ಮೊಳಕೆ ಕಾಣುತ್ತಿತ್ತು. ಅಷ್ಟಾದರೂ ಇತ್ತಲ್ಲ ಎಂದು ದೇವರಿಗೆ ಕೈ ಮುಗಿದೆ.

ಈ ವರ್ಷ ನನ್ನ ಗಿಡದ ಹೊಸ ಮರಿ ಬಿಟ್ಟ ಹೂವು ಸ್ವಲ್ಪ ಗುಲಾಬಿಗೆ ತಿರುಗಿದೆ, ಗೆರೆ ತೆಳ್ಳಗಾಗಿದೆ. ನಾನು ಚೂರು ಬಟ್ಟೆ ಹಿಡಿದು ನೋಡಲಿಲ್ಲ. ಮೊನ್ನೆ ಗಿರಾಕಿ ತಂದ ಸೀರೆ ಹರಡಿಕೊಂಡು ನಿಂತಿದ್ದಾಗ ಅಕ್ಕನಿಂದ ಒಂದು ಫೋಟೋ ಬಂತು. ಆ ಮೊಳಕೆ ಮರಿಯಾಗಿ, ಮೊದಲ ಹೂವು ಬಿಟ್ಟಿತ್ತು. ಇಷ್ಟೇ ಇಷ್ಟು, ಹಸಿರು ಹಸಿರು, ಒಂದು ದಳ ಸೊಟ್ಟ. ಹಿಂದೆಯೇ ಫೋನು.

"ನೋಡ್ದ್ಯಾ? ಒಳ್ಳೇದು ನಿಂಗೆ ಕಳ್ಸಿ ಕಸ ನಾನಿಟ್ಕಂಡಿದೀನಿ. ಈಗ ನಾನ್ಯಾರ ಹತ್ರ ಜಗಳ ಆಡ್ಲಿ ಮಾರಾಯ್ತಿ?"

ಅವಳು ನಗುತ್ತಿದ್ದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಗಿರಾಕಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

"ನನ್ನ ಹತ್ರನೇ ಆಡಕ್ಕ," ಅಂದೆ, "ದಿನಾ ಫೋನ್ ಮಾಡಿ ಆಡು."